162 ಆಟ, ಒಂದು ತಂಡ: ಬೇಸ್‌ಬಾಲ್ ಸೀಸನ್ ಪೂರ್ತಿ ಜೊತೆಗಿರೋದು ಹೇಗೆ?

2025ರ ಏಪ್ರಿಲ್ ಮೊದಲ ವಾರ ಅಮ್ಮ ಅರಸೀಕೆರೆಯಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ನಮ್ಮ ಮನೆಗೆ ಬಂದರು. ಆರು ತಿಂಗಳು ಇರೋದು ಅಂತ ಮಾತು. ಹೀಗೆ ಬರುವ ಅಪ್ಪ ಅಮ್ಮಂದಿರ ಕಷ್ಟ ನಿಮಗೂ ಗೊತ್ತಿರುತ್ತದೆ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಮನೆ ಸುಮ್ನೆ ಬಿಕೋ ಅನ್ನುತ್ತದೆ. ಕಾಂಪೌಂಡ್ ಹತ್ತಿರ ನಿಂತು ಮಾತಾಡೋಕೆ ಅಕ್ಕಪಕ್ಕದವರು ಸಿಗಲ್ಲ. ಮೂರನೇ ವಾರಕ್ಕೆ ಬೇಜಾರು ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಆ ಬೇಜಾರು ಓಡಿಸಿದ್ದು ಬೇಸ್‌ಬಾಲ್.

ಲೆಕ್ಕ ನೋಡಿ. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಸೀಸನ್ ಮಾರ್ಚ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಅದೂ ಆರು ತಿಂಗಳೇ. ಅಷ್ಟರಲ್ಲಿ ಒಂದೊಂದು ತಂಡ 162 ಆಟ ಆಡುತ್ತದೆ. 81 ತನ್ನ ಊರಿನಲ್ಲಿ, 81 ಹೊರಗೆ. ಅಂದರೆ ಹೆಚ್ಚುಕಡಿಮೆ ದಿನಾ ಒಂದು ಆಟ. ಕ್ರಿಕೆಟ್ ಟೂರ್ನಿಯ ಥರ ಇದನ್ನು ಹಬ್ಬ ಮಾಡಿ ನೋಡೋಕೆ ಹೋದರೆ ಹತ್ತೇ ದಿನಕ್ಕೆ ಸುಸ್ತಾಗುತ್ತೀರಿ. ಸಂಜೆಯ ಕಾಫಿ ಇದ್ದ ಹಾಗೆ ಇಟ್ಟುಕೊಂಡರೆ ಮಾತ್ರ ಇದು ಹಿಡಿಸುತ್ತದೆ. ನಾನು ಕೆಳಗೆ ಹೇಳುವುದೆಲ್ಲ ಆ ಲೆಕ್ಕದಲ್ಲೇ.

ಮೊದಲು ತಂಡ

ಹತ್ತಿರದ ತಂಡ ಆರಿಸಿಕೊಳ್ಳಿ. ಒಟ್ಟು 30 ತಂಡಗಳಿವೆ. ಯಾವುದು ಗೆಲ್ಲುತ್ತೆ ಅಂತ ನೋಡಿ ಆರಿಸಬೇಡಿ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಫೀಸಿನಲ್ಲಿ ಜನ ಯಾವ ತಂಡದ ಟೋಪಿ ಹಾಕಿದ್ದಾರೋ ಅದೇ ನಿಮ್ಮ ತಂಡ. ಮಾತು ಅಲ್ಲಿಂದಲೇ ಶುರುವಾಗುತ್ತದೆ. ನಮಗೆ ಅದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್. ಕೊಲ್ಲಿಯ ಆಚೆ ದಡದಲ್ಲಿದ್ದ ಓಕ್‌ಲ್ಯಾಂಡ್‌ನ ಅಥ್ಲೆಟಿಕ್ಸ್ ತಂಡ 2024ರ ಸೀಸನ್ ಮುಗಿಸಿ ಊರು ಬಿಟ್ಟು ಹೋಯಿತು. ಈಗ ಈ ಕೊಲ್ಲಿಯ ಸುತ್ತಲಿನ ಬೇ ಏರಿಯಾದಲ್ಲಿ ಉಳಿದಿರುವುದು ಜೈಂಟ್ಸ್ ಒಂದೇ.

ನೀವು ಕರ್ನಾಟಕದಲ್ಲೇ ಇದ್ದು ನೋಡುವವರಾದರೆ ಗಡಿಯಾರ ನೋಡಿ ಆರಿಸಿ. ಅಮೆರಿಕದ ಪಶ್ಚಿಮ ತೀರದಲ್ಲಿ ಸಂಜೆ 6:45ಕ್ಕೆ ಶುರುವಾಗುವ ಆಟ ನಿಮ್ಮಲ್ಲಿ ಮರುದಿನ ಬೆಳಿಗ್ಗೆ 7:15ಕ್ಕೆ ಬರುತ್ತದೆ. ನ್ಯೂಯಾರ್ಕ್ ಕಡೆಯ ಸಂಜೆ 7:10ರ ಆಟ ಬೇಕಾದರೆ ಬೆಳಗಿನ ಜಾವ 4:40ಕ್ಕೆ ಏಳಬೇಕು. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್, ಸ್ಯಾನ್ ಡಿಯೇಗೊ, ಲಾಸ್ ಏಂಜಲಿಸ್ ಇವುಗಳಲ್ಲಿ ಒಂದು ಒಳ್ಳೆಯದು. ಜೈಂಟ್ಸ್‌ನ ಹಳೇ ಎದುರಾಳಿ, ಲಾಸ್ ಏಂಜಲಿಸ್‌ನ ಡಾಡ್ಜರ್ಸ್ ಬೇಡ ಅಂತ ನಾನು ಹೇಳುತ್ತೇನೆ. ಜೈಂಟ್ಸ್ ಮನೆಯವಳು ಹಾಗೇ ಹೇಳಬೇಕು.

ನಿಯಮ ಎಷ್ಟು ಬೇಕು?

ಬಹಳ ಕಡಿಮೆ. 9 ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲಿ ಎರಡೂ ತಂಡಕ್ಕೆ ಮೂರು ಮೂರು ಔಟ್. ಬೀಸಿಯೂ ತಾಗದ ಅಥವಾ ಹೊಡೆಯಬಹುದಾಗಿದ್ದೂ ಬಿಟ್ಟ ಎಸೆತ ಸ್ಟ್ರೈಕ್; ಹೊಡೆಯುವ ಜಾಗಕ್ಕೆ ಬಾರದೆ ಬ್ಯಾಟರ್ ಬಿಟ್ಟ ಎಸೆತ ಬಾಲ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ನಾಲ್ಕು ಬಾಲ್ ಆದರೆ ಪುಕ್ಕಟೆ ಫಸ್ಟ್ ಬೇಸ್‌ಗೆ ನಡಿಗೆ. ಚೌಕದ ನಾಲ್ಕು ಮೂಲೆಯ ಬೇಸ್‌ಗಳನ್ನು ಸುತ್ತಿ ಬಂದರೆ ಒಂದು ರನ್. ಸಮಬಲವಾದರೆ ಡ್ರಾ ಇಲ್ಲ, ಒಬ್ಬರು ಗೆಲ್ಲುವ ತನಕ ಆಡುತ್ತಾರೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದೇ ಕಡೆ ತೊಡಕು. ಇಲ್ಲಿ ರಾಜ ಬ್ಯಾಟರ್ ಅಲ್ಲ, ಚೆಂಡು ಎಸೆಯುವ ಪಿಚರ್. ಹತ್ತು ಸಲ ಬ್ಯಾಟಿಂಗ್‌ಗೆ ಬಂದು ಮೂರು ಸಲ ಹಿಟ್ ಹೊಡೆದವನನ್ನು ದೊಡ್ಡ ಬ್ಯಾಟರ್ ಅನ್ನುತ್ತಾರೆ. ಉಳಿದ ಏಳು ಸಲ ಸೋಲೋದು ಅವನ ಕೆಲಸದ ಭಾಗ. ಇದು ತಲೆಗೆ ಹೋದರೆ ಅರ್ಧ ಆಟ ಅರ್ಥವಾದ ಹಾಗೆ. ಇನ್ನು ಬೇಸ್‌ಬಾಲ್ ತುಂಬಾ ನಿಧಾನ ಅಂತ ಯಾರಾದರೂ ಹೇಳಿದರೆ ಅದು ಹಳೇ ಮಾತು. 2023ರಲ್ಲಿ ಪಿಚರ್‌ಗೆ ಗಡಿಯಾರ ಇಟ್ಟರು. ಬೇಸ್‌ಗಳಲ್ಲಿ ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ ಎಸೆಯಲೇಬೇಕು. ಈಗ ಆಟ ಸುಮಾರು ಎರಡೂವರೆ ಗಂಟೆಗೆ ಮುಗಿಯುತ್ತದೆ.

ಟಿವಿಗಿಂತ ರೇಡಿಯೊ

ಇದನ್ನು ನಂಬಿ. ದಿನಾ ಎರಡೂವರೆ ಗಂಟೆ ಟಿವಿ ಮುಂದೆ ಕೂರೋಕೆ ಯಾರಿಗೂ ಆಗಲ್ಲ, ಕೂರಲೂಬಾರದು. ಬೇಸ್‌ಬಾಲ್ ರೇಡಿಯೊಗೆ ಹೇಳಿ ಮಾಡಿಸಿದ ಆಟ. ಎಸೆತಕ್ಕೂ ಎಸೆತಕ್ಕೂ ನಡುವೆ ಸ್ವಲ್ಪ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಕಾಮೆಂಟರಿ ಹೇಳುವವರು ಹಳೇ ಕಥೆ, ಗಾಳಿಯ ದಿಕ್ಕು, ಹೊಸ ಹುಡುಗನ ಊರು ಎಲ್ಲ ಹೇಳುತ್ತಾರೆ. ನೀವು ಸೊಪ್ಪು ಬಿಡಿಸುತ್ತಾ ಕೇಳಬಹುದು. ಜನ ಹೋ ಅಂದ ಸದ್ದು ಬಂದಾಗ ಕೈ ನಿಲ್ಲಿಸಿದರೆ ಸಾಕು.

ಜೈಂಟ್ಸ್ ಆಟ ಬರುವುದು ಕೆಎನ್‌ಬಿಆರ್ 680 ಸ್ಟೇಷನ್‌ನಲ್ಲಿ. ಅಲ್ಲಿ ಜಾನ್ ಮಿಲ್ಲರ್ ಅವರ ದನಿ ಕೇಳಬೇಕು. ಚೆಂಡು ಮೇಲೆ ಹೋಯಿತು ಅಂದರೆ ಅವರ ದನಿಯೂ ಅದರ ಜೊತೆ ಮೇಲೆ ಹೋಗುತ್ತದೆ. ಗೋಡೆ ದಾಟಿತಾ, ಕೈಗೆ ಸಿಕ್ಕಿತಾ ಅಂತ ಮಾತು ಬರುವ ಮುಂಚೆ ದನಿಯಿಂದಲೇ ಗೊತ್ತಾಗುತ್ತದೆ. ಅಮ್ಮ ಮೊದಲ ವಾರ ಇಂಗ್ಲಿಷ್ ವೇಗ ಹಿಡಿಯೋಕಾಗದೆ ಬರೀ ಆ ದನಿ ಕೇಳುತ್ತಿದ್ದರು. ‘ನಿಮ್ಮಪ್ಪ ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡು ಹಿತ್ತಲಲ್ಲಿ ಓಡಾಡ್ತಿದ್ದ ಹಾಗೇ ಇದೆ ಕಣೇ’ ಅಂದರು. ಎರಡನೇ ವಾರಕ್ಕೆ ಪದಗಳು ಕಿವಿಗೆ ಕೂತವು. ಮೂರನೇ ವಾರ ನಾನು ಕೆಲಸದಿಂದ ಬರುವಷ್ಟರಲ್ಲಿ ರೇಡಿಯೊ ತಾವೇ ಹಾಕಿ ಕೂತಿದ್ದರು. ತಂಡ ಪೂರ್ವ ತೀರಕ್ಕೆ ಆಡೋಕೆ ಹೋದಾಗ ನಮ್ಮಲ್ಲಿ ಸಂಜೆ 4ರ ಸುಮಾರಿಗೇ ಆಟ ಶುರುವಾಗುತ್ತದೆ. ಮನೆಯಲ್ಲಿ ಒಬ್ಬರೇ ಇರುವ ಹೊತ್ತಿಗೆ ಅದು ದೊಡ್ಡ ಜೊತೆ.

ಖರ್ಚಿನ ವಿಷಯ. ಎಂಎಲ್‌ಬಿ (ಮೇಜರ್ ಲೀಗ್ ಬೇಸ್‌ಬಾಲ್) ಆ್ಯಪ್‌ನಲ್ಲಿ ಆಡಿಯೊಗೆ ಮಾತ್ರ ಬೇರೆ ಚಂದಾ ಇದೆ. ವಿಡಿಯೊ ಚಂದಾಗಿಂತ ಅದು ತುಂಬಾ ಅಗ್ಗ. ಎಲ್ಲ ತಂಡಗಳ ರೇಡಿಯೊ ಅದರಲ್ಲಿ ಸಿಗುತ್ತದೆ. ಎಂಎಲ್‌ಬಿ ಟಿವಿ ಚಂದಾ ತೆಗೆದುಕೊಳ್ಳುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಅಮೆರಿಕದಲ್ಲಿ ಇರುವವರಿಗೆ ತಮ್ಮದೇ ಊರಿನ ತಂಡದ ನೇರ ಆಟ ಅದರ ಮಾಮೂಲಿ ಚಂದಾದಲ್ಲಿ ಕಾಣಿಸುವುದಿಲ್ಲ. ಅದಕ್ಕೆ ಸ್ಥಳೀಯ ಚಾನೆಲ್ ಅಥವಾ ಬೇರೆ ಚಂದಾ ಬೇಕು. ಇದು ಗೊತ್ತಿಲ್ಲದೆ ದುಡ್ಡು ಕಟ್ಟಿ ಬೇಜಾರು ಮಾಡಿಕೊಂಡವರು ಬಹಳ ಜನ. ಏನೂ ಖರ್ಚು ಬೇಡ ಅಂದರೆ ಯೂಟ್ಯೂಬ್‌ನಲ್ಲಿ ಆಟದ ಮುಖ್ಯ ಭಾಗಗಳು ಮರುದಿನ ಹತ್ತೇ ನಿಮಿಷದಲ್ಲಿ ನೋಡೋಕೆ ಸಿಗುತ್ತವೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ಆಟ ಮನಸ್ಸಿಗೆ ಇಳಿಯಬೇಕಾದರೆ ಸ್ಕೋರ್ ಬರೆಯಿರಿ. ಅಮೆರಿಕದಲ್ಲಿ ಹಳಬರು ಈಗಲೂ ಸ್ಟೇಡಿಯಂನಲ್ಲಿ ಪೆನ್ಸಿಲ್ ಹಿಡಿದು ಬರೆಯುತ್ತಾರೆ. ಕಲಿಯೋಕೆ ಒಂದು ಸಂಜೆ ಸಾಕು.

ಫೀಲ್ಡಿಂಗ್ ಮಾಡುವ 9 ಜನಕ್ಕೂ ಒಂದೊಂದು ಸಂಖ್ಯೆ ಇದೆ. ಪಿಚರ್ 1, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ದೂರದ ಮೂವರು ಎಡದಿಂದ ಬಲಕ್ಕೆ 7, 8, 9. ಶಾರ್ಟ್‌ಸ್ಟಾಪ್ ಚೆಂಡು ಎತ್ತಿ ಫಸ್ಟ್ ಬೇಸ್‌ಗೆ ಎಸೆದು ಔಟ್ ಮಾಡಿದರೆ 6-3 ಅಂತ ಬರೆಯಿರಿ. ಚೆಂಡು 6ರಿಂದ 4ಕ್ಕೆ, ಅಲ್ಲಿಂದ 3ಕ್ಕೆ ಹೋಗಿ ಇಬ್ಬರು ಔಟಾದರೆ 6-4-3. ಇಷ್ಟು ಓದಿದರೆ ಸಾಕು, ಹತ್ತು ವರ್ಷ ಬಿಟ್ಟು ನೋಡಿದರೂ ಆ ಓಟ ಕಣ್ಣಿಗೆ ಕಟ್ಟುತ್ತದೆ. ಸ್ಟ್ರೈಕ್ ಔಟ್‌ಗೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟ್ ಬೀಸದೆ ಸುಮ್ಮನೆ ನಿಂತು ಔಟಾದರೆ ಅದೇ ಕೆ ತಿರುಗಿಸಿ ಬರೆಯೋದು.

ಅಮ್ಮ ಪ್ರೈಮರಿ ಸ್ಕೂಲ್ ಮೇಡಂ ಆಗಿದ್ದವರು. 200 ಪುಟದ ನೋಟ್‌ಬುಕ್ ತರಿಸಿ, ಸ್ಕೇಲ್ ಇಟ್ಟು ಗೆರೆ ಹಾಕಿದರು. ಅಡ್ಡಕ್ಕೆ 9 ಇನ್ನಿಂಗ್ಸ್, ಉದ್ದಕ್ಕೆ 9 ಬ್ಯಾಟರ್‌ಗಳು. ಪ್ರತಿ ಚೌಕದಲ್ಲೂ ನಾಲ್ಕು ಚುಕ್ಕಿ. ಬ್ಯಾಟರ್ ಒಂದು ಬೇಸ್ ಮುಂದೆ ಹೋದರೆ ಎರಡು ಚುಕ್ಕಿ ಸೇರಿಸೋದು. ಸುತ್ತಿ ಶುರುವಿನ ಜಾಗಕ್ಕೆ ಬಂದರೆ ನಾಲ್ಕೂ ಕೂಡಿ, ಒಳಗೆ ಪೆನ್ಸಿಲ್‌ನಿಂದ ತುಂಬೋದು. ‘ಇದು ಚುಕ್ಕಿ ರಂಗೋಲಿ ತಾನೇ’ ಅಂದರು. ಅಕ್ಷರಗಳನ್ನು ಕನ್ನಡಕ್ಕೆ ಬದಲಾಯಿಸಿದರು. ಸ್ಟ್ರೈಕ್ ಔಟ್‌ಗೆ ‘ಕ’, ನಿಂತು ಔಟಾದರೆ ತಲೆಕೆಳಗಾದ ‘ಕ’, ನಾಲ್ಕು ಬಾಲ್‌ನ ನಡಿಗೆಗೆ ‘ನ’. ಯಾವ ಪುಸ್ತಕದಲ್ಲೂ ಇಲ್ಲದ ಪದ್ಧತಿ. ಆದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ನೀವೂ ನಿಮಗೆ ಬೇಕಾದ ಹಾಗೆ ಮಾಡಿಕೊಳ್ಳಿ.

ದಿನಾ ಬರೆಯಬೇಡಿ. ವಾರಕ್ಕೆ ಒಂದೋ ಎರಡೋ ಆಟ ಸಾಕು. ತಂಡದಲ್ಲಿ 26 ಜನ ಇರುತ್ತಾರೆ. ಎಲ್ಲರ ಹೆಸರು ಒಂದೇ ಸಲ ಬಾಯಿಪಾಠ ಮಾಡೋಕೆ ಹೋಗಬೇಡಿ. ಮೊದಲು ಐದು ಜನ ಸಾಕು, ಉಳಿದವರು ತಾವಾಗಿ ಬರುತ್ತಾರೆ. ಆಟ ಶುರು ಮಾಡುವ ಪಿಚರ್ ಸಾಮಾನ್ಯವಾಗಿ ಐದಾರು ದಿನಕ್ಕೊಮ್ಮೆ ಬರುತ್ತಾನೆ. ನಮಗೆ ಲೋಗನ್ ವೆಬ್ ಎಸೆಯುವ ದಿನ ನೋಟ್‌ಬುಕ್ ತೆಗೆಯುವ ದಿನ.

ಸೋಲಿನ ಲೆಕ್ಕ

ಹೊಸಬರು ಬಿಟ್ಟು ಹೋಗೋದು ಇಲ್ಲೇ. ನಾಲ್ಕು ದಿನ ಸತತ ಸೋತರೆ ‘ಈ ತಂಡ ಏನೂ ಪ್ರಯೋಜನ ಇಲ್ಲ’ ಅನ್ನಿಸಿಬಿಡುತ್ತದೆ. ಬೇಸ್‌ಬಾಲ್ ಹಳಬರದ್ದು ಒಂದು ಲೆಕ್ಕ ಇದೆ. ಎಂಥ ತಂಡವಾದರೂ 54 ಆಟ ಗೆಲ್ಲುತ್ತದೆ, 54 ಆಟ ಸೋಲುತ್ತದೆ. ಉಳಿದ 54ರಲ್ಲಿ ಏನು ಮಾಡುತ್ತದೆ ಅನ್ನೋದೇ ಸೀಸನ್. 2021ರಲ್ಲಿ ಜೈಂಟ್ಸ್ 107 ಆಟ ಗೆದ್ದರು, ಆ ವರ್ಷ ಅಷ್ಟು ಗೆದ್ದವರು ಬೇರೆ ಯಾರೂ ಇಲ್ಲ. ಅವರೂ 55 ಸಲ ಸೋತರು. ಹಾಗಾಗಿ ಒಂದು ಸೋಲಿಗೆ ರಾತ್ರಿ ಊಟ ಬಿಡೋ ಹಾಗಿಲ್ಲ, ನಾಳೆ ಮತ್ತೆ ಆಟ ಇದೆ.

ತಂಡಗಳ ಸ್ಥಾನದ ಪಟ್ಟಿ ನೋಡುವಾಗ ಗೆಲುವು, ಸೋಲು ಬಿಟ್ಟು ‘ಎಷ್ಟು ಆಟ ಹಿಂದೆ’ ಅನ್ನುವ ಕಾಲಂ ಓದಿ. ಮೊದಲ ತಂಡ 50 ಗೆದ್ದು 40 ಸೋತಿದೆ, ನಿಮ್ಮದು 47 ಗೆದ್ದು 43 ಸೋತಿದೆ ಅಂದರೆ ನೀವು 3 ಆಟ ಹಿಂದೆ. ಜೂನ್ ತನಕ ಈ ಪಟ್ಟಿ ವಾರಕ್ಕೊಮ್ಮೆ ನೋಡಿದರೆ ಜಾಸ್ತಿಯೇ.

ಸ್ಟೇಡಿಯಂಗೆ ಹೋಗುವಾಗ

ಮೊದಲ ಸಲವೇ ದೊಡ್ಡ ಸ್ಟೇಡಿಯಂಗೆ ಹೋಗಬೇಡಿ. ಸ್ಯಾನ್ ಹೊಸೆಯಲ್ಲಿ ಜೈಂಟ್ಸ್‌ನ ಮರಿ ತಂಡ ಇದೆ, ಸ್ಯಾನ್ ಹೊಸೆ ಜೈಂಟ್ಸ್. ಮೇಜರ್ ಲೀಗ್‌ಗೆ ಏರುವ ಕನಸಿನ ಹುಡುಗರು ಅಲ್ಲಿ ಆಡುತ್ತಾರೆ. 1942ರಲ್ಲಿ ಕಟ್ಟಿದ ಸಣ್ಣ ಮೈದಾನ. ಟಿಕೆಟ್ ಅಗ್ಗ, ಚೆಂಡು ಕ್ಯಾಚರ್ ಗ್ಲೌಸ್‌ಗೆ ಬಡಿದ ಸದ್ದು ನಿಮ್ಮ ಸೀಟಿಗೆ ಕೇಳುತ್ತದೆ. ಮುಂದೆ ಜೈಂಟ್ಸ್‌ನ ದೊಡ್ಡ ಆಟಗಾರರಾದ ಕ್ಯಾಚರ್ ಬಸ್ಟರ್ ಪೋಸಿ, ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಇಬ್ಬರೂ 2009ರಲ್ಲಿ ಇಲ್ಲಿ ಆಡಿದ್ದರು. ಮರುವರ್ಷವೇ ಇಬ್ಬರೂ ಮೇಜರ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದರು. ಮಕ್ಕಳು, ವಯಸ್ಸಾದವರು ಇರುವ ಮನೆಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಆಮೇಲೆ ಓರಾಕಲ್ ಪಾರ್ಕ್. 2000ದಲ್ಲಿ ಶುರುವಾದ, ನೀರಿನ ಪಕ್ಕದ ಸ್ಟೇಡಿಯಂ. ಸನ್ನಿವೇಲ್, ಮೌಂಟನ್ ವ್ಯೂ ಕಡೆಯವರು ಕಾರ್ ತೆಗೆಯಲೇಬೇಡಿ. ಕ್ಯಾಲ್‌ಟ್ರೇನ್ ಹತ್ತಿ ಕೊನೇ ಸ್ಟೇಷನ್‌ನಲ್ಲಿ ಇಳಿದರೆ ಹತ್ತು ನಿಮಿಷದ ನಡಿಗೆ. ವಾಪಸ್ ಬರುವ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಒಬ್ಬೊಬ್ಬರು ಒಂದೊಂದು ಕಡೆಯಿಂದ ಬರುತ್ತಿದ್ದರೆ ಜೈಂಟ್ಸ್‌ನ ಹಳೇ ದಿಗ್ಗಜ ವಿಲ್ಲಿ ಮೇಸ್ ಪ್ರತಿಮೆ ಹತ್ತಿರ ಸೇರಿ. ಅವರ ಅಂಗಿಯ ಸಂಖ್ಯೆ 24. ಅದಕ್ಕೇ ಪ್ರತಿಮೆಯ ಸುತ್ತ 24 ತಾಳೆ ಮರ, ಬಲಗಡೆಯ ಗೋಡೆ 24 ಅಡಿ ಎತ್ತರ. ಆ ಗೋಡೆ ದಾಟಿದರೆ ನೀರು. ಹೋಮ್ ರನ್ (ಗೋಡೆ ದಾಟುವ ಹೊಡೆತ) ಬರುತ್ತೇನೋ ಅಂತ ಜನ ಸಣ್ಣ ದೋಣಿಗಳಲ್ಲಿ ಕಾಯುತ್ತಾ ಇರುತ್ತಾರೆ.

ಸೀಟು ಎಲ್ಲಿ? ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ, ಮೇಲಿನ ಮಹಡಿ. ಅಗ್ಗದ ಸೀಟು, ಆದರೆ ಇಡೀ ಮೈದಾನ ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ. ಅದರಾಚೆ ಕೊಲ್ಲಿ. ವಾರದ ನಡುವಿನ ದಿನ ಆರಿಸಿ. ಡಾಡ್ಜರ್ಸ್ ಬಂದ ದಿನ ಬೆಲೆ ಏರುತ್ತದೆ. ದುಡ್ಡೇ ಕೊಡದೆ ನೋಡುವ ದಾರಿಯೂ ಇದೆ. ಬಲಗಡೆ ಗೋಡೆಯ ಹೊರಗೆ, ನೀರಿನ ಪಕ್ಕದ ಕಾಲುದಾರಿಯಲ್ಲಿ ಕಮಾನುಗಳಿವೆ. ಅಲ್ಲಿ ನಿಂತು ಜಾಲರಿಯ ಮೂಲಕ ಯಾರು ಬೇಕಾದರೂ ಸ್ವಲ್ಪ ಹೊತ್ತು ಆಟ ನೋಡಬಹುದು. ಜನ ಜಾಸ್ತಿ ಇದ್ದರೆ ಮೂರು ಇನ್ನಿಂಗ್ಸ್ ಆದ ಮೇಲೆ ಹಿಂದಿನವರಿಗೆ ಜಾಗ ಬಿಡಬೇಕು.

ಸ್ವೆಟರ್ ಮರೆಯಬೇಡಿ. ಸನ್ನಿವೇಲ್‌ನಲ್ಲಿ ಸುಡು ಬಿಸಿಲಿದ್ದ ಜುಲೈ ದಿನವೂ ಅಲ್ಲಿ ರಾತ್ರಿ 8ಕ್ಕೆ ನೀರಿನ ಮೇಲಿಂದ ಬರುವ ಗಾಳಿಗೆ ಮೈ ನಡುಗುತ್ತದೆ. ಅಮ್ಮನಿಗೆ ಶಾಲು, ಕಾಲುಚೀಲ, ಕಿವಿಗೆ ಮಫ್ಲರ್ ಎಲ್ಲ ಬೇಕಾಯಿತು. ಮನೆಯ ತಿಂಡಿ ಒಳಗೆ ಬಿಡುತ್ತಾರೆ. ಯಾವ ಬ್ಯಾಗ್ ತರಬಹುದು ಅನ್ನುವ ನಿಯಮ ಮಾತ್ರ ಹೊರಡುವ ದಿನ ನೋಡಿಕೊಳ್ಳಿ. ನಾವು ಪುಳಿಯೋಗರೆ ಒಯ್ದಿದ್ದೆವು. ಆದರೂ ಅಲ್ಲಿನ ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ಫ್ರೈಸ್ ತಿನ್ನದೆ ಬರಬೇಡಿ. ಏಳನೇ ಇನ್ನಿಂಗ್ಸ್ ನಡುವೆ ಎಲ್ಲರೂ ಎದ್ದು ಮೈಮುರಿದು ಹಾಡುತ್ತಾರೆ, ನೀವೂ ಏಳಿ. ಕೊನೆ ಕೊನೆಗೆ ಕಡಲಹಕ್ಕಿಗಳು ಬಂದು ಮೇಲೆ ಸುತ್ತುತ್ತವೆ. ಜನ ಬಿಟ್ಟು ಹೋಗುವ ತಿಂಡಿಯ ಹೊತ್ತು ಅವಕ್ಕೆ ಗೊತ್ತು.

ಮುಗಿಯುವ ತನಕ ಕೂರಿ. 2025ರ ಜುಲೈ 8ರ ರಾತ್ರಿ ಫಿಲಡೆಲ್ಫಿಯಾ ವಿರುದ್ಧ ಜೈಂಟ್ಸ್ 3-1ರಿಂದ ಹಿಂದಿದ್ದರು. ಕೊನೇ ಇನ್ನಿಂಗ್ಸ್‌ನಲ್ಲಿ ಇಬ್ಬರು ಬೇಸ್‌ನಲ್ಲಿದ್ದಾಗ ಕ್ಯಾಚರ್ ಪ್ಯಾಟ್ರಿಕ್ ಬೇಲಿ ಹೊಡೆದ ಚೆಂಡು ಗೋಡೆಗೆ ಬಡಿದು ದಿಕ್ಕು ತಪ್ಪಿ ಉರುಳಿತು. ಫೀಲ್ಡರ್‌ಗಳು ಅದನ್ನು ಹಿಡಿಯುವಷ್ಟರಲ್ಲಿ ಬೇಲಿ ನಾಲ್ಕೂ ಬೇಸ್ ಓಡಿ ಮನೆ ಸೇರಿದರು. 4-3. ನಾವು ಆ ದಿನ ಮನೆಯಲ್ಲಿ ರೇಡಿಯೊ ಕೇಳುತ್ತಿದ್ದೆವು. ಒಲೆಯ ಮೇಲಿನ ಹಾಲು ಉಕ್ಕಿತು, ಯಾರೂ ಏಳಲಿಲ್ಲ.

ಜುಲೈ ಕೊನೆ

ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಜುಲೈ ಮುಗಿಯುವ ಹೊತ್ತಿಗೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಗಡುವು ಬರುತ್ತದೆ. ಹಿಂದೆ ಬಿದ್ದ ತಂಡಗಳು ಹಳಬರನ್ನು ಕೊಟ್ಟು ಹೊಸ ಹುಡುಗರನ್ನು ತರುತ್ತವೆ. ನಿನ್ನೆ ನಮ್ಮವನಾಗಿದ್ದವನು ಇವತ್ತು ಬೇರೆ ಊರಿನ ಅಂಗಿಯಲ್ಲಿರುತ್ತಾನೆ.

ಅಮ್ಮನಿಗೆ ತುಂಬಾ ಇಷ್ಟವಾಗಿದ್ದವರು ಟೈಲರ್ ರೋಜರ್ಸ್. ಎಲ್ಲರೂ ಭುಜದ ಮೇಲಿಂದ ಎಸೆದರೆ ಅವರು ಸೊಂಟ ಬಗ್ಗಿಸಿ, ಕೈ ನೆಲಕ್ಕೆ ತಾಗುತ್ತೇನೋ ಅನ್ನುವಷ್ಟು ಕೆಳಗಿನಿಂದ ಎಸೆಯುತ್ತಾರೆ. ‘ಅಂಗಳ ಸಾರಿಸೋ ಹಾಗೆ ಎಸೀತಾನೆ ಕಣೇ ಇವನು’ ಅನ್ನುತ್ತಿದ್ದರು ಅಮ್ಮ. ಜುಲೈ 30ರಂದು ಅವರನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟರು. ಮರುದಿನ 2019ರಿಂದ ಇಲ್ಲೇ ಆಡಿದ್ದ ಮೈಕ್ ಯಸ್ಟ್ರೆಮ್‌ಸ್ಕಿ ಕೂಡ ಹೋದರು. ಅಮ್ಮ ಎರಡು ದಿನ ರೇಡಿಯೊ ಹಾಕಲಿಲ್ಲ. ಮೂರನೇ ದಿನ ‘ಅವನ ಜಾಗಕ್ಕೆ ಯಾರು ಬಂದ್ರು?’ ಅಂತ ಕೇಳಿದರು.

ಹೋದವರನ್ನು ಮರೆಯಬೇಕಾಗಿಲ್ಲ. ಅವರ ಹೊಸ ತಂಡದ ಸ್ಕೋರನ್ನೂ ಒಂದು ಕಣ್ಣು ನೋಡಿ. ನಿಮಗೆ ಪರಿಚಯದ ತಂಡಗಳು ಹೆಚ್ಚೋದು ಹೀಗೇ.

ಡಾಡ್ಜರ್ಸ್, ಸೆಪ್ಟೆಂಬರ್, ಆಮೇಲೆ

ಜೈಂಟ್ಸ್, ಡಾಡ್ಜರ್ಸ್ ಎರಡೂ ಮೊದಲು ನ್ಯೂಯಾರ್ಕ್‌ನಲ್ಲಿದ್ದವು. 1958ರಲ್ಲಿ ಇಬ್ಬರೂ ಒಟ್ಟಿಗೇ ಕ್ಯಾಲಿಫೋರ್ನಿಯಾಗೆ ಬಂದರು, ಜಗಳವನ್ನೂ ಜೊತೆಗೇ ತಂದರು. ಸೀಸನ್‌ನಲ್ಲಿ 13 ಸಲ ಎದುರಾಗುತ್ತಾರೆ. ಈ 13 ಆಟದ ದಿನಾಂಕ ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಬೇರೆ ದಿನ ಬಿಟ್ಟರೂ ಇವು ಬಿಡಬೇಡಿ.

ಸೆಪ್ಟೆಂಬರ್ ಬಂದರೆ ಪಟ್ಟಿ ದಿನಾ ನೋಡಿ. ಮೇಜರ್ ಲೀಗ್‌ನ ಒಳಗೆ ಎರಡು ಲೀಗ್ ಇವೆ, ಎರಡೂ ಸೇರಿ 12 ತಂಡ ಮುಂದೆ ಹೋಗುತ್ತವೆ. ಒಂದೊಂದು ಲೀಗ್‌ನಲ್ಲಿ ಮೂರು ವಿಭಾಗದ ವಿಜೇತರು, ಮೂರು ವೈಲ್ಡ್ ಕಾರ್ಡ್, ಅಂದರೆ ವಿಭಾಗ ಗೆಲ್ಲದವರಲ್ಲಿ ಮುಂದಿರುವ ಮೂವರು. 2025ರಲ್ಲಿ ಜೈಂಟ್ಸ್ ಆ ಮೂರನೇ ವೈಲ್ಡ್ ಕಾರ್ಡ್‌ಗೆ ಕೊನೇ ವಾರದ ತನಕ ಆಸೆ ಹುಟ್ಟಿಸಿ ನಿಂತರು. 81 ಗೆಲುವು, 81 ಸೋಲು. ಸಮಸಮ. ನಿಮ್ಮ ತಂಡ ಹೊರಬಿದ್ದರೂ ಅಕ್ಟೋಬರ್ ನೋಡಿ. ಅಲ್ಲಿ ಒಂದೊಂದು ಎಸೆತಕ್ಕೂ ಬೆಲೆ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಮೇಲೆ ಜೈಂಟ್ಸ್ ಮೊದಲ ಸಲ ಕಪ್ ಗೆದ್ದದ್ದು 2010ರಲ್ಲಿ, 52 ವರ್ಷ ಕಾದು. ಆಮೇಲೆ 2012, 2014. ಚಳಿಗಾಲದಲ್ಲಿ ಏನೂ ಇಲ್ಲದಾಗ 2014ರ ಕೊನೇ ಆಟ ಹುಡುಕಿ ನೋಡಿ. ಎರಡೇ ದಿನದ ವಿಶ್ರಾಂತಿಯಲ್ಲಿ ಬಂದ ಬಮ್‌ಗಾರ್ನರ್ ಕೊನೆಯ ಐದೂ ಇನ್ನಿಂಗ್ಸ್ ಒಬ್ಬರೇ ಎಸೆದು ಮುಗಿಸಿದ ಆಟ ಅದು. ಫೆಬ್ರವರಿ ಬಂತು ಅಂದರೆ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಅಭ್ಯಾಸದ ಆಟಗಳು ಶುರು.

ಅಮ್ಮ ಸೀಸನ್ ಮುಗಿದ ಮರುದಿನ ಊರಿಗೆ ಹೊರಟರು. ಹೋಗುವ ಮುಂಚೆ ಅವರ ಫೋನಿಗೆ ಆ್ಯಪ್ ಹಾಕಿ ಕೊಟ್ಟೆ. ಊರಲ್ಲಿರುವ ಹಿರಿಯರಿಗೆ ನೀವೂ ಹೀಗೇ ಮಾಡಿಕೊಡಿ. ಜೈಂಟ್ಸ್ ಒಂದನ್ನೇ ಆರಿಸಿ, ಆಟ ಶುರುವಾದಾಗ ಮಾತ್ರ ಸೂಚನೆ ಬರುವ ಹಾಗೆ ಇಡಿ. ಇಲ್ಲದಿದ್ದರೆ 30 ತಂಡದ ಸುದ್ದಿ ದಿನವಿಡೀ ಟಣ್ ಅನ್ನುತ್ತಿರುತ್ತದೆ. ಇಲ್ಲಿ ಮಧ್ಯಾಹ್ನ 1:05ಕ್ಕೆ ಇರುವ ಭಾನುವಾರದ ಆಟ ಅಲ್ಲಿ ರಾತ್ರಿ 1:35ಕ್ಕೆ ಬೀಳುತ್ತದೆ. ಅದಕ್ಕೆ ಎದ್ದು ಕೂರಬೇಡಿ ಅಂತ ಮೊದಲೇ ಹೇಳಿಡಿ.

ಹೋದ ತಿಂಗಳು ಅಮ್ಮ ಫೋನ್ ಮಾಡಿದ್ದರು. ಅರಸೀಕೆರೆಯ ಸ್ಟೇಷನರಿ ಅಂಗಡಿಯಲ್ಲಿ ಅಂಥದ್ದೇ 200 ಪುಟದ ನೋಟ್‌ಬುಕ್ ಸಿಕ್ಕಿದೆಯಂತೆ. ‘ಮೊದಲ ಇಪ್ಪತ್ತು ಪುಟಕ್ಕೆ ಗೆರೆ ಹಾಕಿ, ಚುಕ್ಕಿ ಇಟ್ಟಿದ್ದೀನಿ. ವೆಬ್ ಎಸೆಯೋದು ಯಾವತ್ತು, ತಿಳಿಸು’ ಅಂದರು.